ಮ್ಯಾಟಿನ ಅಡಿಯ ತೂತು

ಇಂದು ಬೆಳಿಗ್ಗೆ ಕದ್ರಿಯ ಗ್ಯಾರೇಜಿನಲ್ಲಿ ಮಾವನ ಪದ್ಮಿನಿ ಕಾರಿನ ಮ್ಯಾಟು ಎತ್ತಿದಾಗ, ಚಾಲಕನ ಪಾದದ ಕೆಳಗೆ ಐದು ರೂಪಾಯಿ ನಾಣ್ಯದಷ್ಟು ದೊಡ್ಡ ತೂತು, ಅದರಾಚೆ ಅಂಗಳದ ಕೆಂಪು ಮಣ್ಣು ಕಾಣಿಸಿತು.

ಪಕ್ಕದಲ್ಲೇ ನೆರೆಮನೆಯವರ ಅಂಬಾಸಿಡರ್ ನಿಂತಿತ್ತು.

ಅದರ ಎಂಜಿನ್ 1489 ಸಿಸಿ, ನಮ್ಮದು 1089 ಸಿಸಿ. ಲೆಕ್ಕದಲ್ಲಿ ಅದೇ ಬಲಶಾಲಿಯಾದರೂ ಮೈಭಾರವೂ ಅದಕ್ಕೇ ಹೆಚ್ಚಾದ್ದರಿಂದ, ಒಬ್ಬರೇ ಕುಳಿತು ಕದ್ರಿಯ ಏರು ಹತ್ತುವಾಗ ಪದ್ಮಿನಿಯೇ ಚುರುಕು ಎಂದು ನನಗೆ ಅನ್ನಿಸುತ್ತದೆ. ಮದುವೆಗೆ ಹೊರಟ ಆರು ಮಂದಿಯನ್ನು ತುಂಬಿದ ದಿನ ಮಾತ್ರ ನಾನು ಈ ಮಾತನ್ನು ಆಡುವುದಿಲ್ಲ.

ಬಿಡಿಭಾಗಗಳ ವಿಷಯದಲ್ಲಿ ವಾದವೇ ಇಲ್ಲ. ಬಂಗಾಳದ ಉತ್ತರಪಾಡಾದಲ್ಲಿ ಅಂಬಾಸಿಡರ್ ತಯಾರಿಕೆ 2014ರವರೆಗೂ ನಡೆಯಿತು, ಪದ್ಮಿನಿ ಅದಕ್ಕಿಂತ ಒಂದು ದಶಕಕ್ಕೂ ಮೊದಲೇ ನಿಂತುಹೋಗಿತ್ತು.

ಆದರೆ ನಮ್ಮೂರಿನಲ್ಲಿ ಎಂಜಿನ್ನಿಗಿಂತ ಮೊದಲು ಸೋಲುವುದು ತಗಡು. ಕಡಲಿನ ಉಪ್ಪುಗಾಳಿಗೆ ಎರಡು ಕಾರುಗಳೂ ಒಂದೇ. ಮಳೆಗಾಲದಲ್ಲಿ ಮ್ಯಾಟಿನಡಿ ನಿಂತ ನೀರನ್ನು ಒಣಗಿಸುವ ತಾಳ್ಮೆ ಯಾರಿಗಿದೆಯೋ ಅವರ ಕಾರು ಉಳಿಯುತ್ತದೆ. ನೆರೆಮನೆಯವರು ಜೂನ್ ಬಂದೊಡನೆ ಮ್ಯಾಟುಗಳನ್ನು ತೆಗೆದು ಜಗಲಿಯಲ್ಲಿ ಹರಡುತ್ತಾರೆ, ಎಂಜಿನ್ನಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳದೊಳಗಿನ ತೇವವನ್ನೂ ಹಳೆಯ ಪಂಚೆಯ ತುಂಡಿನಿಂದ ಒರೆಸುತ್ತಾರೆ. ನಾವು ನಗುತ್ತಿದ್ದೆವು.

"ತೇಪೆ ಸಾಕಾ, ಇಡೀ ತಗಡು ಬದಲಿಸುವುದಾ ಮಾರಾಯ್ರೇ?" ಎಂದು ಮೆಕ್ಯಾನಿಕ್ ಕೇಳಿದರು.

ಮಾವ ಉತ್ತರಿಸದೆ, ಬಗ್ಗಿ ಆ ತೂತಿನೊಳಗೆ ಬೆರಳು ತೂರಿಸಿ ನೋಡಿದರು.