ಎಸ್‌ಇಝಡ್ ಕೇಳುವ ಮೊದಲು ಮಾಲಿನ ದಾರಿ ನೋಡಿ

ಸಣ್ಣ ಉದ್ಯಮಗಳಿಗೆ ಬ್ಯಾಂಕ್ ಸಾಲಕ್ಕಾಗಿ ಪ್ರಾಜೆಕ್ಟ್ ರಿಪೋರ್ಟ್ ಸಿದ್ಧಪಡಿಸಿಕೊಡುವುದು ಕಲಬುರಗಿಯಲ್ಲಿ ನನ್ನ ವೃತ್ತಿ. ಬರುವವರಲ್ಲಿ ಹೆಚ್ಚಿನವರು ದಾಲ್ ಮಿಲ್ಲಿನವರು. "ನಮ್ ಕಡೀಗೂ ಒಂದ್ ಎಸ್‌ಇಝಡ್ ಬಂದ್ರ ಟ್ಯಾಕ್ಸ್ ಉಳೀತದಲ್ರಿ ಸರ?" ಎಂದು ಅವರು ಮೇಲಿಂದ ಮೇಲೆ ಕೇಳುತ್ತಾರೆ. ಎಸ್‌ಇಝಡ್ ಎಂದರೆ ವಿಶೇಷ ಆರ್ಥಿಕ ವಲಯ, ರಫ್ತು ಮಾಡುವ ಉದ್ಯಮಗಳಿಗೆ ತೆರಿಗೆ, ಸುಂಕದ ವಿನಾಯಿತಿ ಕೊಡುವ ಆವರಣ. ಈ ಪ್ರಶ್ನೆಗೆ ಉತ್ತರ ಹೇಳುತ್ತ ಹೇಳುತ್ತ ನನಗೆ ರೂಢಿಯಾದ ಕ್ರಮವೆಂದರೆ, ವಿನಾಯಿತಿಯ ಮಾತೆತ್ತುವ ಮೊದಲು ಮಾಲು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂದು ಕೇಳುವುದು.

2005ರ ವಿಶೇಷ ಆರ್ಥಿಕ ವಲಯ ಕಾಯ್ದೆಯು 2006ರ ಫೆಬ್ರವರಿಯಲ್ಲಿ ಪೂರ್ಣವಾಗಿ ಜಾರಿಗೆ ಬಂತು. ಅದರ ಪ್ರಕಾರ ವಲಯದ ಆವರಣವು ವ್ಯಾಪಾರದ ಮಟ್ಟಿಗೆ ದೇಶದ ಸುಂಕ ವ್ಯಾಪ್ತಿಯಿಂದ ಹೊರಗಿರುವ ಪ್ರದೇಶ. ಒಳಗಿನ ಘಟಕವು 5 ವರ್ಷಗಳ ಒಟ್ಟು ಲೆಕ್ಕದಲ್ಲಿ ತಾನು ವ್ಯಯಿಸಿದ್ದಕ್ಕಿಂತ ಹೆಚ್ಚು ವಿದೇಶಿ ವಿನಿಮಯ ಗಳಿಸಬೇಕು, ಮತ್ತು ಗೇಟು ದಾಟಿಸಿ ದೇಶದೊಳಗೆ ಮಾರಿದ ಸರಕಿಗೆ ಅಂಥದ್ದೇ ಆಮದು ಸರಕಿನ ಮೇಲಿರುವ ಸುಂಕವೇ ಅನ್ವಯಿಸುತ್ತದೆ.

ಇದನ್ನು ದಾಲ್ ಮಿಲ್ಲಿಗೆ ಹೊಂದಿಸಿ ನೋಡಬೇಕು. ಆಳಂದ, ಚಿತ್ತಾಪುರ, ಜೇವರ್ಗಿಯ ಕಡೆಯಿಂದ ಬಂದ ತೊಗರಿಯನ್ನು ಸ್ವಚ್ಛಗೊಳಿಸಿ, ಎಣ್ಣೆ ಹಚ್ಚಿ, ನೀರು ಹಾಯಿಸಿ, ಒಣಗಿಸಿ ಒಡೆದರೆ ಕ್ವಿಂಟಲಿಗೆ 70 ಕಿಲೊ ಆಸುಪಾಸು ಬೇಳೆ ಸಿಗುತ್ತದೆ. ಉಳಿದ ಹೊಟ್ಟು, ನುಚ್ಚು ದನದ ಮೇವಿಗಾಗಿ ಅಕ್ಕಪಕ್ಕದಲ್ಲೇ ಮಾರಾಟವಾಗುತ್ತದೆ. ಬೇಳೆಯ ಗಿರಾಕಿಗಳು ಸೊಲ್ಲಾಪುರ, ಹೈದರಾಬಾದ್, ಬೆಂಗಳೂರಿನವರು. ಇಂಥ ಮಿಲ್ಲು ವಲಯದೊಳಗಿದ್ದರೆ ಹೊಟ್ಟಿನ ಟ್ರ್ಯಾಕ್ಟರ್ ಹೊರಡುವುದಕ್ಕೂ ಸುಂಕದ ಕಾಗದಪತ್ರ ಬೇಕಾಗುತ್ತದೆ.

ಇನ್ನೊಂದು ಸಂಗತಿಯನ್ನು ನಮ್ಮವರೇ ಮರೆತಿದ್ದಾರೆ. ಕಾಯ್ದೆ ಜಾರಿಯಾದ ಅದೇ ವರ್ಷದ ಜೂನ್‌ನಲ್ಲಿ ಕೇಂದ್ರ ಸರ್ಕಾರವು ಕಾಬೂಲಿ ಕಡಲೆಯಂಥ ಕೆಲವನ್ನು ಬಿಟ್ಟು ಬೇಳೆಕಾಳುಗಳ ರಫ್ತನ್ನು ನಿಷೇಧಿಸಿತು, ಮತ್ತು ತೊಗರಿಗೆ ಆ ಬಾಗಿಲು ತೆರೆದದ್ದು 2017ರ ಸೆಪ್ಟೆಂಬರ್‌ನಲ್ಲಿ. ರಫ್ತಿನ ಮೇಲೆಯೇ ನಿಂತ ಯೋಜನೆಯೊಂದು ದೇಶದಲ್ಲೆಲ್ಲ ಭರಾಟೆಯಿಂದ ನಡೆಯುತ್ತಿದ್ದ ಹನ್ನೊಂದು ವರ್ಷ, ಕಲಬುರಗಿಯ ಮುಖ್ಯ ಉದ್ಯಮಕ್ಕೆ ರಫ್ತಿನ ದಾರಿಯೇ ಬಹುಮಟ್ಟಿಗೆ ಮುಚ್ಚಿತ್ತು. ಕಲಬುರಗಿಯ ತೊಗರಿ ಬೇಳೆಗೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದ್ದು ಕೂಡ 2019ರಲ್ಲಿ. ಎಸ್‌ಇಝಡ್ ಬಾರದ್ದರಿಂದ ನಾವು ಹಿಂದುಳಿದೆವು ಎಂಬ ಭಾಷಣವನ್ನು ಕೇಳಿದಾಗಲೆಲ್ಲ ನನಗೆ ಈ ದಿನಾಂಕಗಳು ನೆನಪಾಗುತ್ತವೆ.

ಇನ್ನು ಆದಾಯ ತೆರಿಗೆ. ಮೊದಲ 5 ವರ್ಷ ರಫ್ತಿನ ಲಾಭಕ್ಕೆ ಶೇ. 100 ವಿನಾಯಿತಿ ಇದ್ದದ್ದು ನಿಜ. ಆದರೆ 2020ರ ಗಡುವು ಮತ್ತು ಕೋವಿಡ್ ಕಾಲದ ಅದರ ವಿಸ್ತರಣೆ ಮುಗಿದ ಮೇಲೆ ಶುರುವಾದ ಘಟಕಕ್ಕೆ ಅದು ಇಲ್ಲ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿಯನ್ನೂ ಕೆಲವರು ಇದಕ್ಕೆ ಜೋಡಿಸುತ್ತಾರೆ. ಅದು ಅಭಿವೃದ್ಧಿ ಮಂಡಳಿ, ಶಿಕ್ಷಣ ಮತ್ತು ಸರ್ಕಾರಿ ನೌಕರಿಯ ಮೀಸಲಾತಿಗೆ ಸಂಬಂಧಿಸಿದ್ದೇ ಹೊರತು ಕಾರ್ಖಾನೆಯ ತೆರಿಗೆಗೆ ಅಲ್ಲ.

ಹಾಗೆಂದು ವಲಯವೇ ನಿರುಪಯುಕ್ತ ಎಂದು ನಾನು ಹೇಳುವುದಿಲ್ಲ. ಹುಮನಾಬಾದ್ ಅಥವಾ ಬೀದರಿನ ಕೊಳಾರ ಕೈಗಾರಿಕಾ ಪ್ರದೇಶದಲ್ಲಿ ಕಚ್ಚಾವಸ್ತುವನ್ನು ಆಮದು ಮಾಡಿಕೊಂಡು ಔಷಧ ರಾಸಾಯನಿಕವನ್ನು ಹೊರದೇಶಕ್ಕೆ ಕಳಿಸುವವರೊಬ್ಬರು ಬಂದರೆ, ಸುಂಕವಿಲ್ಲದ ಆಮದು ಅವರ ಲೆಕ್ಕವನ್ನೇ ಬದಲಿಸಬಲ್ಲದು. ಯಾದಗಿರಿಯ ಕಡೇಚೂರಿನ ರೈಲ್ವೆ ಬೋಗಿ ಕಾರ್ಖಾನೆಗಾದರೋ ರೈಲ್ವೆಯೇ ಗಿರಾಕಿ. ಅಂಥದ್ದಕ್ಕೆ ರಫ್ತಿನ ಸವಲತ್ತು ಏಕೆ ಬೇಕು?

ದಾಲ್ ಮಿಲ್ಲಿನವರಿಗೆ ರಾಜ್ಯದ ಗಡಿಯ ತೊಂದರೆಯನ್ನು ನಿಜವಾಗಿ ಇಳಿಸಿದ್ದು, ನನ್ನ ಅಂದಾಜಿನಲ್ಲಿ, 2017ರ ಜುಲೈ 1ರಂದು ಬಂದ ಜಿಎಸ್‌ಟಿ. ವಾಣಿಜ್ಯ ತೆರಿಗೆಯ ಚೆಕ್‌ಪೋಸ್ಟ್‌ಗಳು ಹೋದವು, ಲಾರಿ ನಿಲ್ಲುವ ಹೊತ್ತು ಕಡಿಮೆಯಾಯಿತು. ಪೈಪೋಟಿ ಮಾತ್ರ ಉಳಿದಿದೆ: ಔರಾದ್, ಭಾಲ್ಕಿಯ ರೈತರು ದರ ಚೆನ್ನಾಗಿದ್ದರೆ ಮಹಾರಾಷ್ಟ್ರದ ಉದಗೀರಿನ ಅಡತಿಗೆ (ದಲ್ಲಾಳಿ ಮಂಡಿಗೆ) ಹೋಗುತ್ತಾರೆ, ಆಳಂದದವರಿಗೆ ಸೊಲ್ಲಾಪುರ ದೂರವಲ್ಲ. ಆದ್ದರಿಂದ ನನ್ನ ವರದಿಗಳಲ್ಲಿ ಸವಲತ್ತಿನ ಪುಟ ಈಗ ಹಿಂದಕ್ಕೆ ಹೋಗಿ, ಕಲಬುರಗಿ, ಉದಗೀರ್, ಸೊಲ್ಲಾಪುರದ ತೊಗರಿ ದರ ಮತ್ತು ಲಾರಿ ಬಾಡಿಗೆಯ ಕೋಷ್ಟಕ ಮುಂದೆ ಬಂದಿದೆ. ಬ್ಯಾಂಕಿನವರು ಹೆಚ್ಚು ಪ್ರಶ್ನೆ ಕೇಳುವುದೂ ಅದರ ಮೇಲೆಯೇ.