ಸುಕ್ಕು ಕಮ್ಮಿ ಮಾಡ್ರಿ

ಬ್ಯಾಡಗಿ ಮೆಣಸಿನಕಾಯಿಗೆ ಸುಕ್ಕೇ ಗುರುತು. ಒಣಗಿದ ಮೇಲೆ ಮೈತುಂಬ ನೆರಿಗೆ, ಕಡುಗೆಂಪು ಬಣ್ಣ, ಖಾರ ಕಮ್ಮಿ. 2011ರಲ್ಲಿ ಜಿಐ ಟ್ಯಾಗ್, ಅಂದರೆ ಇಂಥ ಊರಿನ ಮಾಲು ಎಂಬ ಸರಕಾರಿ ಗುರುತು, ಸಿಕ್ಕಿದ್ದು ಇಂಥ ಕಾಯಿಗೇ. ಆದರೆ ಮಸಾಲೆ ಪ್ಯಾಕೆಟ್ಟಿಗೆ ನನ್ನಿಂದ ಚಿತ್ರ ಬರೆಸುತ್ತಿದ್ದ ಕಂಪನಿಯವರು ಸ್ಕೆಚ್ ನೋಡಿ ಫೋನ್ ಮಾಡಿದರು: “ಮೇಡಂ, ಸುಕ್ಕು ಸ್ವಲ್ಪ ಕಮ್ಮಿ ಮಾಡ್ರಿ. ಹಳೇ ಮಾಲು ಕಂಡಂಗ ಕಾಣ್ತದ.”

“ಸುಕ್ಕು ತಗದ್ರ ಅದು ನುಣುಪು ಮೈಯ ಗುಂಟೂರು ಕಾಯಿ ಆಗ್ತದ್ರಿ” ಅಂದೆ. ಆ ಕಡೆ ತುಸು ಹೊತ್ತು ಮಾತಿಲ್ಲ. ಸುಕ್ಕು ಉಳೀತು.

ಧಾರವಾಡದಲ್ಲಿ ಮನೆಯಲ್ಲೇ ಕೂತು ಗಿಡ, ಹೂವು, ಕಾಯಿ ಬರೆಯುವುದು ನನ್ನ ಕಸುಬು. ಸಂಬಳ ಇಲ್ಲ, ಕೆಲಸ ಬಂದಾಗ ಕೆಲಸ. ಈ ಪ್ಯಾಕೆಟ್ಟಿಗಾಗಿ ಬ್ಯಾಡಗಿ ಮಾರ್ಕೆಟ್ಟಿಗೆ ಹೋಗಿ ನಾನೇ ಕಾಯಿ ಆರಿಸುತ್ತಿದ್ದಾಗ ದಲಾಲರೊಬ್ಬರು, “ಅಕ್ಕಾರ, ನಿಮಗ ಡಬ್ಬಿ ಬೇಕೋ ಕಡ್ಡಿ ಬೇಕೋ?” ಎಂದರು. ಡಬ್ಬಿ ಗಿಡ್ಡ, ದುಂಡು. ಕಡ್ಡಿ ಉದ್ದ, ಸಪೂರ. ಒಳಗಿನ ಪುಡಿ ಯಾವುದರದೋ ಮೇಲಿನ ಚಿತ್ರವೂ ಅದರದೇ ಆಗಬೇಕಲ್ಲ? ಅಲ್ಲಿಂದಲೇ ಕಂಪನಿಗೆ ಫೋನ್ ಹಚ್ಚಿದೆ. ಕಡ್ಡಿ ಅಂದರು.

ಒಣಕಾಯಿ ಬಾಡೋದಿಲ್ಲ, ಆರಾಮಾಗಿ ಬರೀಬಹುದು ಅಂತ ಕೆಲವರು ಹೇಳ್ತಾರೆ. ನಮ್ಮೂರಿನ ಜಿಟಿಜಿಟಿ ಮಳೆಯಲ್ಲಿ ಒಂದು ಸಲ ಬರೆದು ನೋಡಲಿ. ಥಂಡಿಗೆ ಕಾಯಿ ಮೆತ್ತಗಾಗಿ, ನಿನ್ನೆ ಇದ್ದ ನೆರಿಗೆ ಇವತ್ತು ಅಲ್ಲಿರುವುದಿಲ್ಲ. ಡಿವೈಡರಿನಿಂದ ಅಳತೆ ತೆಗೆದು ಮೊದಲು ಪೆನ್ಸಿಲಿನಲ್ಲಿ ಎಲ್ಲಾ ಕೂರಿಸಿಕೊಳ್ಳುತ್ತೇನೆ. ಕಾಗದ 300 ಜಿಎಸ್‌ಎಂ ಹಾಟ್ ಪ್ರೆಸ್ಡ್, ಅಂದರೆ ದಪ್ಪ, ನುಣುಪು ಕಾಗದ; ಒರಟು ಕಾಗದದ ಮೇಲೆ ಇಷ್ಟು ಸಣ್ಣ ಗೆರೆ ನಿಲ್ಲುವುದಿಲ್ಲ. ಬೆಳಕು ಎಡಗಡೆ ಮೇಲಿನಿಂದ, ಅದು ಈ ಕಲೆಯ ಹಳೇ ರೂಢಿ. ಕೆಂಪಿನ ವಿಷಯದಲ್ಲಿ ಫೋನಿನ ಫೋಟೋ ನಂಬುವ ಹಾಗೇ ಇಲ್ಲ. ನಾಲ್ಕು ಬಣ್ಣದ ಪ್ರಿಂಟಿನಲ್ಲಂತೂ ಕೆಂಪು ಇನ್ನಷ್ಟು ಮಂಕಾಗುತ್ತದೆ. ಪ್ರೂಫ್ ನೋಡದೆ ನಾನು ಹೂಂ ಅನ್ನುವುದಿಲ್ಲ.

ಸಸ್ಯಶಾಸ್ತ್ರದ ಪತ್ರಿಕೆಯವರದು ಬೇರೆಯೇ ಲೆಕ್ಕ. ದುಡ್ಡು ಕಮ್ಮಿ, ಕಣ್ಣು ಜಾಸ್ತಿ. ಅಗ್ನಿಶಿಖೆ ಹೂವು ಬರೆದುಕೊಟ್ಟರೆ ಎಲೆಯ ತುದಿ ಬಳ್ಳಿಯ ಹಾಗೆ ಸುತ್ತಿಕೊಂಡಿದೆಯೋ, ಹೂವಿನ ಶಲಾಕೆ (ಅಂಡಾಶಯದಿಂದ ಹೊರಡುವ ಸಣ್ಣ ಕಡ್ಡಿ) ಬುಡದಲ್ಲೇ ಪಕ್ಕಕ್ಕೆ ಮಡಚಿದೆಯೋ ಎಂದು ಭೂತಗನ್ನಡಿ ಹಿಡಿದು ನೋಡುತ್ತಾರೆ. ನನಗೆ ಅದು ಖುಷಿಯೇ. ಈ ಹೂವು ಬರೆಯಲು ನಾನು ಹೋಗುವ ಗದಗ ಜಿಲ್ಲೆಯ ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿ ಧಾಮವಾಗಿದೆ, ಅಲ್ಲಿ ಹೂವು ಕೀಳುವ ಮಾತೇ ಇಲ್ಲ. ಇದ್ದಲ್ಲೇ ಕೂತು ಬಣ್ಣದ ಗುರುತು ಹಾಕಿಕೊಳ್ಳಬೇಕು. ಹಸಿರುಮಿಶ್ರಿತ ಹಳದಿಯಾಗಿ ಅರಳಿದ ದಳ ದಿನ ಕಳೆದಂತೆ ಕೆಂಪಿಗೆ ತಿರುಗುತ್ತದೆ, ಹಾಗಾಗಿ ಹೂವು ಮೊದಲು, ಎಲೆ ಆಮೇಲೆ.

ಈ ಕೆಲಸಕ್ಕೆ ಹೊಸದಾಗಿ ಬರುವವರು ಬ್ರಶ್ಶಿನ ನಂಬರು ಕೇಳುತ್ತಾರೆ, ಕರಾರಿನ ವಿಷಯ ಯಾರೂ ಕೇಳುವುದಿಲ್ಲ. 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಓದಿ. ದುಡ್ಡು ಕೊಟ್ಟು ಬರೆಸಿದ ಪೇಂಟಿಂಗಿಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಸಿದವರೇ ಮೊದಲ ಹಕ್ಕುದಾರರು. ಬರೆದವರಲ್ಲ! ಅದಕ್ಕೇ ಬ್ರಶ್ ಮುಟ್ಟುವ ಮೊದಲು ಅರ್ಧ ಅಡ್ವಾನ್ಸು ಮತ್ತು ಸಹಿ ಹಾಕಿದ ಕಾಗದ ಎರಡೂ ನನ್ನ ಕೈಲಿರಬೇಕು. ಹಕ್ಕು ನನ್ನದು, ಬಳಕೆ ಪ್ಯಾಕೆಟ್ಟಿಗೆ ಮಾತ್ರ, ಇಷ್ಟು ವರ್ಷಕ್ಕೆ ಮಾತ್ರ.

“ಒಂದು ಮೆಣಸಿನಕಾಯಿಗೆ ಇಷ್ಟೆಲ್ಲಾ ಕಾಗದ ಯಾಕ್ರಿ?” ಎಂದಿದ್ದ ಅದೇ ಕಂಪನಿಯವರು ಮೊನ್ನೆ ಚಿತ್ರವನ್ನು ಕ್ಯಾಲೆಂಡರಿಗೂ ಹಾಕುತ್ತೇವೆ ಅಂದರು. ಹಾಕ್ರಿ ಅಂದೆ, ಅದಕ್ಕೆ ಬೇರೆ ಬಿಲ್ಲು ಕಳಿಸಿದ್ದೇನೆ.