ಹನ್ನೊಂದು ಗಂಟೆ ಹತ್ತು ನಿಮಿಷ

12 ಜೂನ್ 2025, ಗುರುವಾರ, ರಾತ್ರಿ

ಇವತ್ತು ಅಮ್ಮ ಒಂದು ಗಡಿಯಾರ ಬಿಡಿಸಿದಳು. ಆಗಿನಿಂದ ಅದೇ ಕಣ್ಣ ಮುಂದೆ ಇದೆ, ಅದಕ್ಕೇ ಬರೆಯಲು ಕೂತಿದ್ದೇನೆ.

ಅಮ್ಮನಿಗೆ 78. ಸೊಂಟದ ಕೀಲು ಸವೆದು ಹೋಗಿದೆ, ಅದನ್ನು ಬದಲಾಯಿಸುವ ಆಪರೇಷನ್ ಜುಲೈ 10ಕ್ಕೆ. ಸರಿಯಾಗಿ ನಾಲ್ಕು ವಾರ ಇದೆ. ಮುಂಚೆ ಒಮ್ಮೆ ನೋಡಬೇಕು ಅಂತ ಅನಸ್ತೇಶಿಯಾ ಡಾಕ್ಟರ್ ಕರೆದಿದ್ದರು. ಇಸಿಜಿ, ಶುಗರ್, ರಕ್ತದ ರಿಪೋರ್ಟ್ ಎಲ್ಲ ಜೋಡಿಸಿಕೊಂಡು ಹೋಗಿದ್ದೆ. ಅವರು ಫೈಲ್ ತಿರುವಿ ನೋಡಿ ಪಕ್ಕಕ್ಕಿಟ್ಟರು, ಕುರ್ಚಿ ಎಳೆದುಕೊಂಡು ಅಮ್ಮನ ಎದುರು ಕೂತರು. "ಮೂರು ಪದ ಹೇಳ್ತೀನಿ ಅಮ್ಮಾ, ನೆನಪಿಟ್ಕೊಳ್ಳಿ, ಆಮೇಲೆ ಕೇಳ್ತೀನಿ" ಅಂದರು. ನದಿ, ದೇಶ, ಬೆರಳು.

ಆಮೇಲೆ ಖಾಲಿ ಹಾಳೆ ಕೊಟ್ಟು, ಗಡಿಯಾರ ಬಿಡಿಸಿ, ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸಿ ಅಂದರು. ಅಮ್ಮ ದುಂಡಗೆ ಗೆರೆ ಎಳೆದಳು. ಮೊದಲು 12, 6, 3, 9 ಬರೆದು ಆಮೇಲೆ ನಡುವಿನ ಅಂಕಿಗಳನ್ನು ತುಂಬಿದಳು. ಚಿಕ್ಕ ಮುಳ್ಳು 11ಕ್ಕೆ ಹೋಯಿತು. ಅಲ್ಲಿ ಪೆನ್ನು ನಿಂತಿತು. ತುಂಬ ಹೊತ್ತು ನಿಂತಿತು. ದೊಡ್ಡ ಮುಳ್ಳು 2ಕ್ಕೆ ಹೋಗಬೇಕು ಅಲ್ವಾ, ಅವಳು 10ಕ್ಕೆ ಎಳೆದಳು. ಹೇಳಿಬಿಡೋಣ ಅಂತ ಬಾಯಿ ತೆರೆದಿದ್ದೆ, ಡಾಕ್ಟರ್ ಕೈಸನ್ನೆ ಮಾಡಿ ತಡೆದರು. ಪದಗಳನ್ನು ಕೇಳಿದಾಗ ನದಿ ಬಂತು, ಬೆರಳು ಬಂತು. ದೇಶ ಬರಲೇ ಇಲ್ಲ.

ಇದಕ್ಕೆ ಮಿನಿ-ಕಾಗ್ ಅಂತ ಹೆಸರು. ಮೂರು ನಿಮಿಷದ ಕೆಲಸ. ಪದಕ್ಕೊಂದು ಅಂಕ, ಗಡಿಯಾರ ಸರಿಯಿದ್ದರೆ ಎರಡು, ಒಟ್ಟು ಐದು. ಮೂರಕ್ಕಿಂತ ಕಡಿಮೆ ಬಂದರೆ ಇನ್ನೂ ವಿವರವಾಗಿ ನೋಡಬೇಕು. ಅಮ್ಮನಿಗೆ ಎರಡು ಬಂತು. ಇದೊಂದರಿಂದ ಮರೆವಿನ ಕಾಯಿಲೆ ಅಂತ ಯಾರೂ ಹೇಳಲು ಆಗುವುದಿಲ್ಲ, ಆದರೆ ಆಪರೇಷನ್ ಆದ ಮೇಲೆ ಡೆಲಿರಿಯಂ, ಅಂದರೆ ದಿಢೀರ್ ಅಂತ ಬುದ್ಧಿಗೆ ಮಂಕು ಕವಿದು ಗೊಂದಲ ಆಗುವುದು, ಬರುವ ಸಾಧ್ಯತೆ ಇವರಿಗೆ ಜಾಸ್ತಿ, ಅದಕ್ಕೆ ಈಗಿನಿಂದಲೇ ತಯಾರಾಗೋಣ ಅಂದರು. ಆ ಪದ ಕೇಳಿದ ಕೂಡಲೇ ನನಗೆ ಅಪ್ಪ ನೆನಪಾದರು.

ಎರಡು ವರ್ಷದ ಹಿಂದೆ ಅಪ್ಪ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಆಗ ಅವರಿಗೆ 81. ಅದು ಬೇರೆ ಆಸ್ಪತ್ರೆ. ಆಪರೇಷನ್ ಚೆನ್ನಾಗಿಯೇ ಆಯಿತು. ಎರಡನೇ ದಿನ ಅಪ್ಪ ತುಂಬ ಸುಮ್ಮನಾದರು. ಕರೆದರೆ ಕಣ್ಣು ಬಿಡುತ್ತಿದ್ದರು, ಮತ್ತೆ ಮುಚ್ಚುತ್ತಿದ್ದರು. ಬಲಗೈ ಬೆರಳುಗಳು ಮಾತ್ರ ಹೊದಿಕೆಯ ಅಂಚನ್ನು ಹೆಕ್ಕುತ್ತಾ ಇದ್ದವು, ಅದರಲ್ಲಿ ಏನೋ ಎಳೆ ಸಿಕ್ಕಿಕೊಂಡಿದೆ ಅನ್ನುವ ಹಾಗೆ. ಪಕ್ಕದ ಮಂಚದವರು ರಾತ್ರಿಯೆಲ್ಲ ಕೂಗಾಡುತ್ತಿದ್ದರು, ಟ್ಯೂಬ್ ಕಿತ್ತುಹಾಕುತ್ತಿದ್ದರು, ಅವರ ಸುತ್ತ ಯಾವಾಗಲೂ ಜನ. ಅಪ್ಪನನ್ನು ನೋಡಿ ಎಲ್ಲರೂ "ಪಾಪ, ಗಲಾಟೆ ಇಲ್ಲ, ಆರಾಮಾಗಿ ಮಲಗಿದ್ದಾರೆ" ಅಂದರು. ನಾನೂ ಹಾಗೇ ಅಂದುಕೊಂಡೆ. ಅವರ ಕನ್ನಡಕ ಡ್ರಾಯರ್‌ನಲ್ಲಿತ್ತು. ಕಿವಿಯ ಮೆಷಿನ್ ಕಳೆದುಹೋದೀತು ಅಂತ ನಾನೇ ಮನೆಗೆ ತೆಗೆದುಕೊಂಡು ಹೋಗಿದ್ದೆ.

ಪಕ್ಕದ ಮಂಚದವರಿಗೂ ಅಪ್ಪನಿಗೂ ಇದ್ದದ್ದು ಒಂದೇ ಕಾಯಿಲೆ. ಕೂಗಾಡುವುದು ಡೆಲಿರಿಯಂನ ಒಂದು ರೂಪ, ಮಂಕಾಗಿ ಮಲಗಿಬಿಡುವುದು ಇನ್ನೊಂದು. ವಯಸ್ಸಾದವರಲ್ಲಿ ಎರಡನೆಯದೇ ಹೆಚ್ಚಾಗಿ ಯಾರ ಕಣ್ಣಿಗೂ ಬೀಳದೆ ಹೋಗುತ್ತದೆ. ಸಾಮಾನ್ಯವಾಗಿ ಮೊದಲ ಮೂರು ದಿನದೊಳಗೆ ಶುರುವಾಗುತ್ತದೆ, ಏರುತ್ತದೆ, ಇಳಿಯುತ್ತದೆ. ಬೆಳಿಗ್ಗೆ ಡಾಕ್ಟರ್ ಬಂದಾಗ ಸರಿಯಾಗಿದ್ದವರು ಸಂಜೆಗೆ ಎಲ್ಲೋ ಇರುತ್ತಾರೆ. ಅಪ್ಪ ಆಮೇಲೆ ನಡೆದರು, ಮಾತಾಡಿದರು, ಆದರೆ ದಿನಾ ಪೇಪರ್ ಓದುತ್ತಿದ್ದ ಮನುಷ್ಯ ಮತ್ತೆ ಪೇಪರ್ ಕೈಗೆತ್ತಿಕೊಳ್ಳಲಿಲ್ಲ. ನೋಡಲು ಬಂದವರೆಲ್ಲ "ವಯಸ್ಸಾಯ್ತಲ್ಲ, ಅರಳು ಮರಳು" ಅಂದರು. ಆ ಮಾತನ್ನು ನಾನು ಇನ್ನು ಒಪ್ಪುವುದಿಲ್ಲ. ಆಪರೇಷನ್‌ಗೆ ಹಿಂದಿನ ದಿನದವರೆಗೆ ಪೇಪರ್ ಓದುತ್ತಿದ್ದವರಿಗೆ ಎರಡನೇ ದಿನ ದಿಢೀರ್ ಅಂತ ವಯಸ್ಸಾಗುತ್ತದಾ?

ಇದು ಹೊಸ ವಿಷಯವೂ ಅಲ್ಲ. ಆಪರೇಷನ್ ಆದ ಮೇಲೆ ಅವರು ಮೊದಲಿನ ಹಾಗಿಲ್ಲ ಅಂತ ಮನೆಯವರು ಹೇಳುವುದನ್ನು ಬೆಡ್‌ಫೋರ್ಡ್ ಅನ್ನುವ ವೈದ್ಯರು 1955ರಲ್ಲೇ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬರೆದಿದ್ದರು. 1998ರಲ್ಲಿ ಅದೇ ಪತ್ರಿಕೆಯಲ್ಲಿ ಬಂದ ದೊಡ್ಡ ಅಧ್ಯಯನದಲ್ಲಿ 60 ದಾಟಿದ 1,218 ಜನರ ನೆನಪು, ಗಮನ ಎಲ್ಲ ಆಪರೇಷನ್‌ಗೆ ಮುಂಚೆಯೂ ಆಮೇಲೆಯೂ ಅಳೆದು ನೋಡಿದರು. ಒಂದು ವಾರದ ಹೊತ್ತಿಗೆ ನೂರಕ್ಕೆ ಸುಮಾರು 26 ಜನರಲ್ಲಿ ಇಳಿತ ಕಂಡಿತು, ಮೂರು ತಿಂಗಳಿಗೆ ಅದು ಸುಮಾರು 10ಕ್ಕೆ ಬಂತು. ಅಂದರೆ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ಆ ಉಳಿದ ಹತ್ತು ಜನರ ಮನೆಯಲ್ಲಿ ಹೇಗಿರುತ್ತದೆ ಅಂತ ನನಗೆ ಗೊತ್ತು.

ಪೂರ್ತಿ ಪ್ರಜ್ಞೆ ತಪ್ಪಿಸಿದರೆ ಮೆದುಳಿಗೆ ಪೆಟ್ಟು, ಬೆನ್ನಿಗೆ ಇಂಜೆಕ್ಷನ್ ಕೊಟ್ಟರೆ ಏನೂ ಆಗಲ್ಲ ಅಂತ ಎಲ್ಲರೂ ಹೇಳುತ್ತಾರೆ, ನಾನೂ ಅದನ್ನೇ ಕೇಳಿದೆ. ಅಷ್ಟು ಸುಲಭ ಇಲ್ಲ ಅಂದರು ಡಾಕ್ಟರ್. ಸೊಂಟದ ಮೂಳೆ ಮುರಿದವರಲ್ಲಿ ಇದನ್ನೇ ಹೋಲಿಸಿ ನೋಡಿದ ಎರಡು ದೊಡ್ಡ ಪ್ರಯೋಗಗಳ ಫಲಿತಾಂಶ 2021, 2022ರಲ್ಲಿ ಬಂತು. ಡೆಲಿರಿಯಂ ಎರಡೂ ಕಡೆ ಹೆಚ್ಚು ಕಡಿಮೆ ಒಂದೇ. ಅರಿವಳಿಕೆ ಯಾವುದು ಅನ್ನುವುದಕ್ಕಿಂತ, ಆಪರೇಷನ್‌ಗೆ ಹೋಗುವ ಮನುಷ್ಯ ಎಷ್ಟು ಗಟ್ಟಿ ಅನ್ನುವುದೇ ದೊಡ್ಡದು.

ಆ ಗಟ್ಟಿತನವನ್ನೂ ಅಳೆಯುತ್ತಾರೆ ಅಂತ ನನಗೆ ಇವತ್ತೇ ಗೊತ್ತಾಗಿದ್ದು. ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಮತ್ತೆ ಕೂರಬೇಕು. 12 ಸೆಕೆಂಡ್ ದಾಟಿದರೆ ಬೀಳುವ ಅಪಾಯ ಜಾಸ್ತಿ. ಅಮ್ಮನಿಗೆ 19 ಹಿಡಿಯಿತು. ನೋವೂ ಇದೆ, ಅದನ್ನೂ ಬರೆದುಕೊಂಡರು. ಆಮೇಲೆ ಪ್ರಶ್ನೆಗಳು. ಒಂದು ವರ್ಷದಲ್ಲಿ ತಾನಾಗಿ ತೂಕ ಇಳಿದಿದೆಯಾ? ಏನು ಮಾಡಲೂ ಸುಸ್ತು ಅನಿಸುತ್ತದಾ? ಮುಚ್ಚಳ ತಿರುಗಿಸಲು ಕೈಯಲ್ಲಿ ಬಲ ಇದೆಯಾ? ನಡಿಗೆ ನಿಧಾನ ಆಗಿದೆಯಾ? ಓಡಾಟ ಕಡಿಮೆ ಆಗಿದೆಯಾ? ಈ ಐದರಲ್ಲಿ ಮೂರು ಹೌದು ಅಂದರೆ ಫ್ರೇಲ್ಟಿ ಇದೆ ಅಂತ ಲೆಕ್ಕ. ಲಿಂಡಾ ಫ್ರೀಡ್ ಅನ್ನುವ ವೈದ್ಯೆ ಮತ್ತವರ ತಂಡ 2001ರಲ್ಲಿ ಮಾಡಿದ ಲೆಕ್ಕ ಇದು. ನಮ್ಮ ಮಾತಿನಲ್ಲಿ ನಿತ್ರಾಣ ಅನ್ನಬಹುದು, ಆದರೆ ಒಂದು ದಿನದ ನಿತ್ರಾಣ ಅಲ್ಲ. ಒಳಗಿನ ಉಳಿತಾಯ ಕರಗಿರುವುದು. ದಿನದ ಖರ್ಚಿಗೆ ಸಾಲುತ್ತದೆ, ಆಪರೇಷನ್‌ನಂಥ ದೊಡ್ಡ ಖರ್ಚು ಬಂದಾಗ ತಡೆಯುವುದಿಲ್ಲ. ಅಮ್ಮ ಎರಡಕ್ಕೆ ತಕ್ಷಣ ಹೌದು ಅಂದಳು. ಕೈಬಲ ಕೇಳಿದಾಗ ನನ್ನ ಮುಖ ನೋಡಿದಳು, ಆಮೇಲೆ ಮೆಲ್ಲಗೆ "ಇವಳಿಗೆ ಗೊತ್ತಿಲ್ಲ, ಆರು ತಿಂಗಳಿಂದ ಬಾಟಲಿ ಮುಚ್ಚಳ ಪಕ್ಕದ ಮನೆಯವರ ಹತ್ರ ತೆಗೆಸ್ತೀನಿ" ಅಂದಳು. ಕರುಳು ಚುರ್ ಅಂದಿತು. ಒಂದೇ ಮನೆಯಲ್ಲಿ ಇದ್ದೇವೆ.

ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಸುರಿಯಿರಿ ಅಂದರು. ಎಂಟು ಥರ ಇತ್ತು. ಡಾಕ್ಟರ್ ಬೆರಳಿಟ್ಟಿದ್ದು ಎರಡರ ಮೇಲೆ, ವರ್ಷಗಳಿಂದ ತೆಗೆದುಕೊಳ್ಳುವ ನಿದ್ದೆ ಮಾತ್ರೆ, ಇನ್ನೊಂದು ನೆಗಡಿಗೆ ಅಂತ ಅಂಗಡಿಯಿಂದ ತಾನೇ ತರಿಸಿಕೊಳ್ಳುವ ಮಾತ್ರೆ. ವಯಸ್ಸಾದ ಮೆದುಳನ್ನು ಮಂಕು ಮಾಡುವುದರಲ್ಲಿ ಈ ಎರಡು ಗುಂಪಿನವೇ ಮುಂದು. ನೆಗಡಿಯದ್ದು ಇವತ್ತೇ ಬಂದ್. ನಿದ್ದೆಯದ್ದನ್ನು ಮಾತ್ರ ಒಮ್ಮೆಲೇ ನಿಲ್ಲಿಸಬಾರದು, ಅದೂ ಡೆಲಿರಿಯಂ ತರಬಹುದು. ಮೆಲ್ಲಗೆ ಕಡಿಮೆ ಮಾಡುವ ಲೆಕ್ಕ ಬರೆದುಕೊಟ್ಟಿದ್ದಾರೆ.

ಉಳಿದದ್ದೆಲ್ಲ ಕಾಲಿನ ಕೆಲಸ. ಆರೋಗ್ಯವಾಗಿರುವ ವಯಸ್ಸಾದವರನ್ನೇ ಹತ್ತು ದಿನ ಹಾಸಿಗೆಯಲ್ಲಿ ಮಲಗಿಸಿ ನೋಡಿದ್ದಾರೆ, 2007ರಲ್ಲಿ. ಬರೀ ಕಾಲುಗಳಿಂದಲೇ ಹತ್ತಿರ ಹತ್ತಿರ ಒಂದು ಕಿಲೋ ಮಾಂಸಖಂಡ ಹೋಗಿತ್ತು. ಅದಕ್ಕೇ ಈ ನಾಲ್ಕು ವಾರ. ದಿನಕ್ಕೆ ಮೂರು ಸಲ, ನೋವು ತಡೆಯುವಷ್ಟು, ಕುರ್ಚಿಯ ಕೈ ಹಿಡಿದು ಎದ್ದು ಕೂರುವುದು. ಉಸಿರಾಟದ ವ್ಯಾಯಾಮ. ಕಿಡ್ನಿ ರಿಪೋರ್ಟ್ ನೋಡಿ, ತೂಕದ ಪ್ರತಿ ಕಿಲೋಗೆ 1.2 ಗ್ರಾಂ ಪ್ರೋಟೀನ್ ಅಂದರು. ಅಮ್ಮ 52 ಕಿಲೋ, ಅಂದರೆ ದಿನಕ್ಕೆ ಸುಮಾರು 62 ಗ್ರಾಂ.

ಆಸ್ಪತ್ರೆಯಲ್ಲಿ ಮಾಡಬೇಕಾದ್ದು ಕೇಳಿ ನನಗೆ ಅಳು ಬಂತು, ಅಷ್ಟು ಸಣ್ಣ ಕೆಲಸಗಳು. ಎಚ್ಚರ ಆದ ಕೂಡಲೇ ಕನ್ನಡಕ, ಕಿವಿ ಮೆಷಿನ್, ಹಲ್ಲಿನ ಸೆಟ್ ಕೊಡುವುದು. ಹಗಲು ಬೆಳಕು, ಕಾಣುವ ಜಾಗದಲ್ಲಿ ಗಡಿಯಾರ, ಇವತ್ತು ಯಾವ ವಾರ ಅಂತ ಹೇಳುತ್ತಾ ಇರುವುದು. ಬೇಗ ಎಬ್ಬಿಸಿ ಕೂರಿಸುವುದು, ಮೂತ್ರದ ಟ್ಯೂಬ್ ಬೇಗ ತೆಗೆಸುವುದು, ನೋವು ಮುಚ್ಚಿಡದೆ ಹೇಳುವುದು, ರಾತ್ರಿ ಸುಮ್ನೆ ಎಬ್ಬಿಸದೆ ನಿದ್ದೆ ಮಾಡಲು ಬಿಡುವುದು. ಶರಾನ್ ಇನೋಯೆ ಅನ್ನುವ ವೈದ್ಯೆಯ ತಂಡ ಇಂಥದ್ದನ್ನೇ ಕ್ರಮವಾಗಿ ಮಾಡಿ 1999ರಲ್ಲಿ ಫಲಿತಾಂಶ ಕೊಟ್ಟಿತ್ತು. ಆಸ್ಪತ್ರೆಗೆ ಸೇರಿದ 70 ದಾಟಿದ 852 ಜನ. ಮಾಮೂಲಿ ಆರೈಕೆಯಲ್ಲಿ ನೂರಕ್ಕೆ 15 ಜನರಿಗೆ ಡೆಲಿರಿಯಂ ಬಂದರೆ, ಈ ಆರೈಕೆಯಲ್ಲಿ 10ಕ್ಕೂ ಚೂರು ಕಡಿಮೆ. ಅವರು ಆಪರೇಷನ್ ರೋಗಿಗಳಲ್ಲ, ಆದರೂ ಈಗ ಆಪರೇಷನ್ ವಾರ್ಡ್‌ಗಳಲ್ಲೂ ಇದೇ ದಾರಿ ಹಿಡಿಯುತ್ತಾರೆ.

ಇನ್ನೊಂದು ಕೆಲಸ ನನಗೇ ಕೊಟ್ಟರು. ದಿನಕ್ಕೆ ಎರಡು ಸಲ ಅಮ್ಮನಿಗೆ ಡಿಸೆಂಬರ್‌ನಿಂದ ಹಿಂದಕ್ಕೆ ತಿಂಗಳು ಹೇಳಿಸಬೇಕು. ನಿನ್ನೆ ಹೇಳಿದವಳು ಇವತ್ತು ನಡುವೆ ಕಳೆದುಹೋದರೆ, ಅಥವಾ ಸುಮ್ಮನೆ ಮಂಕಾದರೆ, ತಕ್ಷಣ ಕರೆಯಬೇಕು. "ನಮಗೆ ಅವರು ಎರಡು ದಿನದ ಪರಿಚಯ, ಬದಲಾಗಿದ್ದಾರೆ ಅಂತ ನಿಮಗೇ ಮೊದಲು ಗೊತ್ತಾಗೋದು" ಅಂದರು. ಅಪ್ಪನ ಸಲ ಈ ಒಂದು ಮಾತನ್ನು ಯಾರಾದರೂ ಹೇಳಿದ್ದರೆ!

ಮನೆಗೆ ಬಂದು, ವಾರ್ಡಿನ ನರ್ಸ್‌ಗಳಿಗೆ ಕೊಡಲು ಒಂದು ಹಾಳೆ ಬರೆದೆ, ಅಮ್ಮ ಮಾಮೂಲಾಗಿ ಹೇಗಿರುತ್ತಾಳೆ ಅಂತ. ಐದಕ್ಕೆ ಏಳುತ್ತಾಳೆ. ರೇಡಿಯೋ ಇರಬೇಕು. ಮಾತು ಜಾಸ್ತಿ, ಸುಮ್ಮನಿದ್ದರೆ ಏನೋ ಸರಿಯಿಲ್ಲ ಅಂತ ಅರ್ಥ. ತಿಂಗಳುಗಳನ್ನು ಹಿಂದಕ್ಕೆ ತಡವರಿಸದೆ ಹೇಳುತ್ತಾಳೆ (ಈಗಷ್ಟೇ ಹೇಳಿಸಿದೆ). ಗಡಿಯಾರದ ಮುಳ್ಳು ಈಗಲೇ ತಪ್ಪುತ್ತದೆ ಅಂತಲೂ ಬರೆದೆ, ಬರೆಯುವಾಗ ಕೈ ತಡೆಯಿತು. ಅಮ್ಮ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದಳು. ಗಡಿಯಾರದ ಸಾಲಿನ ಹತ್ತಿರ ಸ್ವಲ್ಪ ಹೊತ್ತು ನಿಂತಳು, ಏನೂ ಹೇಳಲಿಲ್ಲ. ಆಮೇಲೆ ಪೆನ್ನು ಕೇಳಿ, ಕೆಳಗೆ ತಾನೇ ಒಂದು ಸಾಲು ಸೇರಿಸಿದಳು: "ಬಲಗಿವಿ ಕೇಳಿಸುವುದಿಲ್ಲ. ಎಡಗಡೆ ಬಂದು ಮಾತಾಡಿ."